ಕೋರ್ಟಿನ ಕಾವಲು ಎಲ್ಲಿಂದ ಶುರುವಾಗಬೇಕು?

2016ರ ಆಗಸ್ಟ್ 1, ಸೋಮವಾರ. ಮೈಸೂರಿನ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ದಿನದ ಕಲಾಪ ಮುಗಿಯುತ್ತಾ ಬಂದಿತ್ತು. ಸಂಜೆ ನಾಲ್ಕು ದಾಟಿದ ಮೇಲೆ ಅಲ್ಲಿನ ಸಾರ್ವಜನಿಕ ಶೌಚಾಲಯದಲ್ಲಿ ಬಾಂಬ್ ಸಿಡಿಯಿತು. ಯಾರ ಜೀವವೂ ಹೋಗಲಿಲ್ಲ. ಅದೇ ವರ್ಷ ಚಿತ್ತೂರು, ಕೊಲ್ಲಂ, ನೆಲ್ಲೂರು, ಮಲಪ್ಪುರಂಗಳಲ್ಲೂ ನ್ಯಾಯಾಲಯದ ಆವರಣಗಳಲ್ಲೇ ಸ್ಫೋಟಗಳಾದವು. ನವೆಂಬರ್ ಕೊನೆಗೆ ರಾಷ್ಟ್ರೀಯ ತನಿಖಾ ದಳ ಮಧುರೆಯಲ್ಲಿ ಆರೋಪಿಗಳನ್ನು ಹಿಡಿಯಿತು. ತಮ್ಮನ್ನು 'ಬೇಸ್ ಮೂವ್‌ಮೆಂಟ್' ಎಂದು ಕರೆದುಕೊಂಡಿದ್ದ ಗುಂಪಿನ ಕೆಲಸ ಅದು. ಮೈಸೂರಿನ ಪ್ರಕರಣದಲ್ಲಿ ಬೆಂಗಳೂರಿನ ಎನ್‌ಐಎ ವಿಶೇಷ ನ್ಯಾಯಾಲಯ 2021ರ ಅಕ್ಟೋಬರ್‌ನಲ್ಲಿ ಮೂವರಿಗೆ ಶಿಕ್ಷೆ ವಿಧಿಸಿತು.

ಮೈಸೂರಿನ ಸ್ಫೋಟದ ಆರು ವರ್ಷಗಳ ನಂತರ, 2022ರ ಆಗಸ್ಟ್ 13ರಂದು ಹೊಳೆನರಸೀಪುರದ ನ್ಯಾಯಾಲಯದಲ್ಲಿ ಲೋಕ ಅದಾಲತ್ ಇತ್ತು. ಬೇರೆಯಾಗಲು ಬಂದಿದ್ದ ಗಂಡ ಹೆಂಡತಿಗೆ ಬುದ್ಧಿ ಹೇಳಿ, ಮತ್ತೆ ಒಂದಾಗಿ ಬಾಳುವಂತೆ ಒಪ್ಪಿಸಲಾಗಿತ್ತು. ರಾಜಿಯಾಯಿತು ಎಂದುಕೊಂಡು ಹೊರಬಂದ ಆ ಹೆಣ್ಣುಮಗಳು ಶೌಚಾಲಯದ ಕಡೆ ಹೋದಾಗ ಗಂಡ ಹಿಂದೆಯೇ ಹೋಗಿ ಕತ್ತು ಕೊಯ್ದ. ಸುತ್ತಲಿದ್ದ ಜನ ಅವನನ್ನು ಹಿಡಿದರು, ಆಕೆ ಉಳಿಯಲಿಲ್ಲ.

ಒಂದರ ಹಿಂದೆ ಮೂರು ನಾಲ್ಕು ರಾಜ್ಯ ಸುತ್ತಿದ ಸಂಚು. ಇನ್ನೊಂದರ ಹಿಂದೆ ಒಂದು ಮನೆಯ ಜಗಳ. ಎರಡೂ ನಡೆದದ್ದು ಶೌಚಾಲಯದಲ್ಲಿ. ಇದನ್ನು ಬರೀ ಕಾಕತಾಳೀಯ ಎಂದು ಬಿಡಲು ನನಗೆ ಮನಸ್ಸಿಲ್ಲ. ಕೋರ್ಟು ಹಾಲ್‌ನಲ್ಲಿ ದಫೇದಾರನಿದ್ದಾನೆ, ಗೇಟಿನಲ್ಲಿ ಪೇದೆ ಇದ್ದಾನೆ. ಇವರಿಬ್ಬರ ನಡುವಿನ ಜಾಗ, ಅಂದರೆ ಮೆಟ್ಟಿಲು, ಪಡಸಾಲೆ, ಮರದ ಕೆಳಗಿನ ಕಟ್ಟೆ, ಕ್ಯಾಂಟೀನು, ಹಿಂದಿನ ಶೌಚಾಲಯ, ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕಕ್ಷಿದಾರರ ದಿನದ ಬಹುಪಾಲು ಕಳೆಯುವುದು ಅಲ್ಲೇ. ಸುಪ್ರೀಂ ಕೋರ್ಟ್‌ನ ಅಂದಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ 2021ರ ಅಕ್ಟೋಬರ್‌ನಲ್ಲಿ ಔರಂಗಾಬಾದಿನ ಸಮಾರಂಭವೊಂದರಲ್ಲಿ ಕೊಟ್ಟ ಅಂಕಿಗಳನ್ನು ನೋಡಿ: ದೇಶದ ನ್ಯಾಯಾಲಯ ಸಂಕೀರ್ಣಗಳಲ್ಲಿ ಶೇ 26ರಲ್ಲಿ ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯವಿಲ್ಲ, ಶೇ 16ರಲ್ಲಿ ಗಂಡಸರಿಗೂ ಇಲ್ಲ. ಮೂಲ ವೈದ್ಯಕೀಯ ಸೌಲಭ್ಯ ಇರುವುದು ಶೇ 5ರಲ್ಲಿ ಮಾತ್ರ. ಇವನ್ನು ನಾವು ಸೌಕರ್ಯದ ಕೊರತೆ ಎಂದು ಓದಿ ಪುಟ ತಿರುವುತ್ತೇವೆ. ಆದರೆ ಕತ್ತಲ ಮೂಲೆಯಲ್ಲಿರುವ, ಕಾವಲಿಲ್ಲದ ಶೌಚಾಲಯಕ್ಕೆ ಗಂಡನ ಮೇಲೆ ಕೇಸು ಹಾಕಿದ ಹೆಣ್ಣುಮಗಳೊಬ್ಬಳು ಒಬ್ಬಳೇ ಹೋಗಬೇಕು, ದಿನವಿಡೀ ಅಲ್ಲೇ ದುಡಿಯುವ ಟೈಪಿಸ್ಟ್ ಕೂಡ ಅಲ್ಲಿಗೇ ಹೋಗಬೇಕು ಎಂದಾಗ ಅದು ಭದ್ರತೆಯ ಪ್ರಶ್ನೆ. ಏಟು ತಿಂದವರಿಗೆ ಬ್ಯಾಂಡೇಜು ಕಟ್ಟುವವರೂ ಅಲ್ಲಿಲ್ಲ ಎಂದಾದರೆ ಅದೂ ಭದ್ರತೆಯ ಪ್ರಶ್ನೆಯೇ.

ನಂಜನಗೂಡು ತಾಲ್ಲೂಕಿನ ಹೆಡತಲೆಯಂಥ ಊರಿನವರಿಗೆ ಕೋರ್ಟು ಎಂದರೆ ದೊಡ್ಡ ಸುದ್ದಿಯ ಜಾಗವಲ್ಲ. ಬೆಳಗಿನ ಬಸ್ಸು ಹಿಡಿದು ನಂಜನಗೂಡಿಗೆ ಹೋಗುವುದು, ವಕೀಲರನ್ನು ಕಾಣುವುದು, ಹೆಸರು ಕೂಗುವವರೆಗೆ ಕಾಯುವುದು, ಮುಂದಿನ ವಾಯಿದೆ ಬರೆಸಿಕೊಂಡು ಬರುವುದು. ತಿ. ನರಸೀಪುರದ ಕಡೆಯವರು ಅಲ್ಲಿನ ಕೋರ್ಟಿಗೆ ಹೋಗುತ್ತಾರೆ. ದೊಡ್ಡ ಕೇಸಾದರೆ ಮೈಸೂರು. ಅಣ್ಣತಮ್ಮಂದಿರ ಪಾಲುವಿಭಾಗ, ಬದುವಿನ ತಕರಾರು, ಜೀವನಾಂಶ, ಚೆಕ್ ಬೌನ್ಸ್, ಅಪಘಾತದ ಪರಿಹಾರ: ಇವೇ ಹೆಚ್ಚು. ಹೊರಗಿನಿಂದ ನೋಡುವವರಿಗೆ ಇವು ಸಣ್ಣಪುಟ್ಟ ಕೇಸುಗಳು. ಒಳಗಿರುವವರಿಗೆ ಹಾಗಲ್ಲ. ಎದುರುಪಾರ್ಟಿ ಬೇರೆ ಯಾರೋ ಅಲ್ಲ, ಒಡಹುಟ್ಟಿದವನು ಅಥವಾ ಕಟ್ಟಿಕೊಂಡವನು. ಹತ್ತು ವರ್ಷದಿಂದ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಕಟ್ಟೆಯ ಎರಡು ತುದಿಯಲ್ಲಿ ಕೂತು, ಒಂದೇ ಬಸ್ಸಿನಲ್ಲಿ ಮರಳುವವರು. ತೀರ್ಪು ಬಂದ ದಿನವೂ ಅದೇ ಬಸ್ಸು.

ನಮ್ಮಲ್ಲಿ ಭದ್ರತೆಯನ್ನು ಹುದ್ದೆ ನೋಡಿ ಕೊಡುತ್ತೇವೆ. ಅಪಾಯ ಮಾತ್ರ ಕೇಸು ನೋಡಿ ಬರುತ್ತದೆ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

2022ರ ಮಾರ್ಚ್ 15ರಂದು ಹಿಜಾಬ್ ಪ್ರಕರಣದ ತೀರ್ಪು ಕೊಟ್ಟ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ, ನ್ಯಾಯಮೂರ್ತಿಗಳಾದ ಕೃಷ್ಣ ಎಸ್. ದೀಕ್ಷಿತ್ ಮತ್ತು ಜೆ.ಎಂ. ಖಾಜಿ ಅವರಿಗೆ ತಮಿಳುನಾಡಿನ ಸಭೆಯೊಂದರ ಭಾಷಣದಲ್ಲಿ ಕೊಲೆ ಬೆದರಿಕೆ ಬಂತು. ಒಂದು ವಾರ ಕಳೆಯುವುದರೊಳಗೆ ಸರ್ಕಾರ ಮೂವರಿಗೂ 'ವೈ' ಶ್ರೇಣಿಯ ಭದ್ರತೆ ಪ್ರಕಟಿಸಿತು. ಸರಿಯಾದ ಕೆಲಸ. ಆ ಭಾಷಣದಲ್ಲಿ ಉಲ್ಲೇಖವಾದದ್ದು ಜಾರ್ಖಂಡ್‌ನ ನ್ಯಾಯಾಧೀಶರೊಬ್ಬರ ಸಾವು ಎಂಬುದನ್ನು ಮರೆಯಬಾರದು. ಧನಬಾದಿನ ಹೆಚ್ಚುವರಿ ಜಿಲ್ಲಾ ನ್ಯಾಯಾಧೀಶ ಉತ್ತಮ್ ಆನಂದ್ 2021ರ ಜುಲೈ 28ರ ಮುಂಜಾನೆ ಖಾಲಿ ರಸ್ತೆಯ ಅಂಚಿನಲ್ಲಿ ಓಡುತ್ತಿದ್ದರು. ಆಟೊರಿಕ್ಷಾವೊಂದು ದಾರಿ ಬಿಟ್ಟು ಬಂದು ಅವರಿಗೆ ಗುದ್ದಿ ಹೋಯಿತು. ಸಿಸಿಟಿವಿಯಲ್ಲಿ ಅದು ದಾಖಲಾಗದೇ ಹೋಗಿದ್ದರೆ ರಸ್ತೆ ಅಪಘಾತ ಎಂದೇ ಕಡತ ಮುಚ್ಚುತ್ತಿತ್ತೇನೋ. ಸರಿಯಾಗಿ ಒಂದು ವರ್ಷದ ಮೇಲೆ, ಅದೇ ತಾರೀಖಿನಂದು, ಇಬ್ಬರು ತಪ್ಪಿತಸ್ಥರೆಂದು ತೀರ್ಮಾನವಾಯಿತು.

ಧನಬಾದಿನ ಘಟನೆಯ ನಂತರ ಸುಪ್ರೀಂ ಕೋರ್ಟ್ ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಕೆಳಗಿನ ನ್ಯಾಯಾಧೀಶರು ಬೆದರಿಕೆಯ ದೂರು ಕೊಟ್ಟರೆ ಸಿಬಿಐ ಆಗಲಿ ಗುಪ್ತಚರ ಇಲಾಖೆಯಾಗಲಿ ನೆರವಿಗೆ ಬರುವುದಿಲ್ಲ ಎಂದು ಮುಖ್ಯ ನ್ಯಾಯಮೂರ್ತಿಯವರೇ ತೆರೆದ ನ್ಯಾಯಾಲಯದಲ್ಲಿ ಹೇಳಬೇಕಾಯಿತು. ಉತ್ತರ ಸಲ್ಲಿಸದ ರಾಜ್ಯಗಳಿಗೆ ಒಂದು ಲಕ್ಷ ರೂಪಾಯಿ ದಂಡ ಹಾಕುವುದಾಗಿ ಎಚ್ಚರಿಸಬೇಕಾಯಿತು. ನ್ಯಾಯಾಧೀಶರಿಗೆಂದೇ ರಾಷ್ಟ್ರಮಟ್ಟದ ಪಡೆ ಕಟ್ಟುವುದು ಸಾಧುವಲ್ಲ, ಪೊಲೀಸು ರಾಜ್ಯದ ವಿಷಯ ಎಂದು ಕೇಂದ್ರ ಸರ್ಕಾರ ಹೇಳಿತು. ಆ ಮಾತಿನಲ್ಲಿ ಅರ್ಥವಿದೆ. ತಾಲ್ಲೂಕು ಕೋರ್ಟಿನ ಸುತ್ತ ಯಾರು ಯಾರ ಮೇಲೆ ಹಲ್ಲು ಕಡಿಯುತ್ತಿದ್ದಾರೆ ಎಂಬುದು ದೆಹಲಿಯ ಪಡೆಗೆ ತಿಳಿಯುವುದಿಲ್ಲ. ಊರಿನ ಠಾಣೆಗೆ ತಿಳಿಯುತ್ತದೆ. ಹಾಗೆಂದು ಠಾಣೆಯ ಮೇಲೆ ಹಾಕಿದ ಹೊಣೆಗೆ ಜನ ಬೇಡವೇ? ಜಾತ್ರೆ, ಚುನಾವಣೆ, ಮಂತ್ರಿಗಳ ಪ್ರವಾಸ ಎಂದರೆ ಕೋರ್ಟಿನ ಪೇದೆಯನ್ನೇ ಮೊದಲು ಎತ್ತಿಕೊಳ್ಳುವುದಾದರೆ ಆ ಹೊಣೆಗೆ ಬೆಲೆಯಿಲ್ಲ.

ಇನ್ನು ನ್ಯಾಯಾಧೀಶರ ಪೀಠದಿಂದ ಕೆಳಗೆ ಬರೋಣ. ನನಗೆ ಹೆಚ್ಚು ಕಳವಳವಿರುವುದು ಅಲ್ಲಿಯೇ.

ನ್ಯಾಯಾಲಯದ ಮಾತನ್ನು ಊರಿಗೆ ಒಯ್ಯುವವರು ಅಮೀನರು. ಸಮನ್ಸ್, ನೋಟಿಸು, ಜಪ್ತಿ ವಾರಂಟು, ಸ್ವಾಧೀನ ವಾರಂಟು ಎಲ್ಲವೂ ಅವರ ಚೀಲದಲ್ಲಿ. ತೀರ್ಪು ಬರೆದ ನ್ಯಾಯಾಧೀಶರು ಅದನ್ನು ಕೇಳುವವರ ಮುಖ ನೋಡುವುದು ಕೋರ್ಟು ಹಾಲ್‌ನಲ್ಲಿ, ನಾಲ್ಕು ಜನರೆದುರು. ಅಮೀನರು ಅದೇ ಮುಖ ನೋಡುವುದು ಅವರ ಮನೆಯ ಜಗಲಿಯಲ್ಲಿ, ಅವರ ಹೊಲದ ಬದುವಿನಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ಇಡೀ ಇಂಥ ಸಂದರ್ಭಗಳ ಬಗ್ಗೆಯೇ ಇದೆ. ಡಿಕ್ರಿ ಅಮಲ್ಜಾರಿಯಾಗಬೇಕು: ಜಮೀನಿನ ಮೇಲೆ ಹೋಗಬೇಕು, ಚೆಕ್ಕುಬಂದಿ ನೋಡಬೇಕು, ಬಿಡದವರನ್ನು ಬಿಡಿಸಬೇಕು, ಗೇಣಿದಾರನಿದ್ದರೆ ತಮಟೆ ಸಾರಿಸಿ ಸಾಂಕೇತಿಕ ಸ್ವಾಧೀನ ಕೊಡಬೇಕು, ಪಂಚರ ಸಹಿ ಹಾಕಿಸಿ ವರದಿ ಬರೆಯಬೇಕು. ಸಮನ್ಸ್ ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಬರಬೇಕು.

ಕಬಿನಿಯ ನಾಲೆ ನೀರು ಹರಿಯುವ ಗದ್ದೆಯ ಒಂದು ಎಕರೆಯ ಬೆಲೆ ಇವತ್ತು ಏನೆಂದು ನಂಜನಗೂಡು, ನರಸೀಪುರದವರಿಗೆ ಹೇಳಬೇಕಾಗಿಲ್ಲ. ಮೂರು ತಲೆಮಾರು ಉತ್ತ ನೆಲವನ್ನು ಬಿಟ್ಟುಕೊಡು ಎಂಬ ಕಾಗದ ಹಿಡಿದು ಬರುವವನನ್ನು ಯಾರೂ ನಗುತ್ತಾ ಬರಮಾಡಿಕೊಳ್ಳುವುದಿಲ್ಲ. ಹೆಂಗಸರು ಎದುರು ಬಂದು ನಿಲ್ಲುತ್ತಾರೆ, ಒಬ್ಬ ಸೀಮೆಎಣ್ಣೆ ಡಬ್ಬ ಹಿಡಿಯುತ್ತಾನೆ, ಇನ್ನೊಬ್ಬ ನಾಯಿ ಬಿಡುತ್ತಾನೆ. ಅಮೀನ ಅಡ್ಡಿಯಾಯಿತೆಂದು ವರದಿ ಬರೆದು ಮರಳಿದರೆ, ಅರ್ಜಿದಾರರು ಪೊಲೀಸ್ ನೆರವು ಕೇಳಿ ಮತ್ತೊಂದು ಅರ್ಜಿ ಹಾಕಬೇಕು, ಅದರ ಮೇಲೆ ಆದೇಶವಾಗಬೇಕು, ಠಾಣೆ ಬಂದೋಬಸ್ತಿಗೆ ದಿನ ಕೊಡಬೇಕು. ಅಂದರೆ ಮೊದಲ ಸಲ ಅಮೀನರು ಏಕಾಂಗಿಯಾಗಿ ಏಟು ತಿನ್ನುವಷ್ಟು ಹತ್ತಿರ ಹೋಗಿ ಬಂದ ಮೇಲೆಯೇ ಪೊಲೀಸರು ಜೊತೆಗೆ ಬರುವುದು ವಾಡಿಕೆ. ಸರ್ಕಾರಿ ನೌಕರನಿಗೆ ಅಡ್ಡಿಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಂ ಇದೆ, ಕೈ ಮಾಡಿದರೆ 132ನೇ ಕಲಂ ಇದೆ. ಇವೆಲ್ಲ ಏಟು ಬಿದ್ದ ನಂತರದ ಮಾತು.

ಇಲ್ಲಿ ಬೇಕಾದದ್ದು ಬಂದೂಕಲ್ಲ, ಮುಂದಾಲೋಚನೆ. ಸ್ವಾಧೀನದ ವಾರಂಟು ಹೊರಡುವ ಮೊದಲೇ ಆ ಕೇಸಿನಲ್ಲಿ ಹಿಂದೆ ಹೊಡೆದಾಟ ಆಗಿತ್ತೇ, ಬೆದರಿಕೆಯ ದೂರಿದೆಯೇ ಎಂದು ಕಡತದ ಮೇಲೆ ಒಂದು ಗುರುತು ಹಾಕಬಹುದು. ಅಂಥದ್ದಕ್ಕೆ ಮೊದಲ ಸಲವೇ ಪೊಲೀಸರು ಜೊತೆಗಿರಬೇಕು. ಇಬ್ಬರಿಲ್ಲದೆ ಹೊರಡಬಾರದು. ಹೋದವರು ಇಷ್ಟು ಹೊತ್ತಿಗೆ ಫೋನ್ ಮಾಡಬೇಕು, ಮಾಡದಿದ್ದರೆ ಶಿರಸ್ತೇದಾರರು ಠಾಣೆಗೆ ತಿಳಿಸಬೇಕು. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಖರ್ಚೂ ಬೇಡ. ಸಮನ್ಸ್‌ಗಳನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ತಲುಪಿಸಲು ಈಗ ಕಾನೂನಿನಲ್ಲಿ ದಾರಿ ಇದೆ. ಅದು ಹೆಚ್ಚಿದಷ್ಟೂ ಅಮೀನರ ಕಾಲ್ನಡಿಗೆ ತಗ್ಗುತ್ತದೆ. ಆದರೆ ನೆಲವನ್ನು ಮೊಬೈಲಿನಲ್ಲಿ ಬಿಡಿಸಿಕೊಡಲಾಗುವುದಿಲ್ಲ. ಆ ಕೆಲಸಕ್ಕೆ ಮನುಷ್ಯರೇ ಹೋಗಬೇಕು.

ಕಚೇರಿಯೊಳಗೆ ಕೂತವರೂ ಸುರಕ್ಷಿತರೇನಲ್ಲ. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಬೆದರಿಕೆ ಪತ್ರ, ಜೊತೆಗೆ ಡಿಟೋನೇಟರ್. ಮಾದಕವಸ್ತು ಪ್ರಕರಣದಲ್ಲಿ ಬಂಧಿತರಾಗಿದ್ದ ನಟಿಯರಿಗೆ ಜಾಮೀನು ಕೊಡಬೇಕೆಂದು ಅದರಲ್ಲಿ ಬರೆದಿತ್ತು. ರಾಜ್ಯವೆಲ್ಲ ಬೆಚ್ಚಿತು. ಪೊಲೀಸರು ಜಾಡು ಹಿಡಿದು ತುಮಕೂರು ಜಿಲ್ಲೆಗೆ ಹೋದರು. ಅವರು ಕಂಡುಕೊಂಡದ್ದು ಸಂಬಂಧಿಕರ ನಡುವಿನ ಆಸ್ತಿ ಜಗಳವನ್ನು: ಒಬ್ಬನನ್ನು ಜೈಲಿಗೆ ಕಳಿಸಲು ಇನ್ನೊಬ್ಬ ಅವನ ಹೆಸರಿನಲ್ಲಿ ಆ ಪತ್ರ ಕಳಿಸಿದ್ದ. ಮತ್ತೆ ಅದೇ ಆಸ್ತಿ, ಅದೇ ದಾಯಾದಿತನ. 2023ರ ಜುಲೈನಲ್ಲಿ ಹೈಕೋರ್ಟಿನ ಆರು ನ್ಯಾಯಮೂರ್ತಿಗಳನ್ನು ಕೊಲ್ಲುವುದಾಗಿಯೂ 50 ಲಕ್ಷ ರೂಪಾಯಿ ಕೊಡಬೇಕೆಂದೂ ವಾಟ್ಸ್ಆ್ಯಪ್ ಸಂದೇಶ ಬಂತು. ಅದು ಬಂದದ್ದು ನ್ಯಾಯಮೂರ್ತಿಗಳ ಫೋನಿಗಲ್ಲ, ಹೈಕೋರ್ಟಿನ ಸಾರ್ವಜನಿಕ ಸಂಪರ್ಕಾಧಿಕಾರಿಯ ಫೋನಿಗೆ. ಪೊಟ್ಟಣ ಮೊದಲು ತಲುಪುವುದೂ ಟಪಾಲು ವಿಭಾಗದ ಗುಮಾಸ್ತರ ಕೈಗೆ. ದೊಡ್ಡವರನ್ನು ಗುರಿ ಮಾಡಿ ಎಸೆದದ್ದು ಮೊದಲು ತಗಲುವುದು ಇವರಿಗೆ. ಅನುಮಾನದ ಲಕೋಟೆ ಕಂಡರೆ ಏನು ಮಾಡಬೇಕು, ಯಾರನ್ನು ಕರೆಯಬೇಕು, ಎಲ್ಲಿ ಇಡಬಾರದು ಎಂಬ ಅರ್ಧ ದಿನದ ತರಬೇತಿ ತಾಲ್ಲೂಕು ಕೋರ್ಟಿನ ಪ್ರತಿ ಗುಮಾಸ್ತರಿಗೂ ಸಿಗಬೇಕು.

ಟಪಾಲಿನಂತೆ ಪರದೆಯೂ ಕೋರ್ಟಿನ ಒಂದು ಬಾಗಿಲು. 2023ರ ಡಿಸೆಂಬರ್‌ನಲ್ಲಿ ಹೈಕೋರ್ಟಿನ ವಿಡಿಯೊ ಕಲಾಪದೊಳಗೆ ಯಾರೋ ನುಗ್ಗಿ ಅಶ್ಲೀಲ ದೃಶ್ಯ ತೋರಿಸಿದರು; ಕೆಲಕಾಲ ವಿಡಿಯೊ ಕಲಾಪವನ್ನೇ ನಿಲ್ಲಿಸಬೇಕಾಯಿತು. ವಿಚಾರಣಾಧೀನ ಕೈದಿಗಳನ್ನು ಜೈಲಿನಿಂದಲೇ ಪರದೆಯ ಮೇಲೆ ಹಾಜರುಪಡಿಸುವುದು ಕೋರ್ಟಿನ ಆವರಣದ ಅಪಾಯವನ್ನು ನಿಜವಾಗಿ ತಗ್ಗಿಸಿದೆ. ಆದರೆ ಆ ಬಾಗಿಲಿಗೂ ಕಾವಲು ಬೇಕು ಎಂಬುದನ್ನು ಡಿಸೆಂಬರ್‌ನ ಘಟನೆ ತೋರಿಸಿತು.

ಬೇರೆ ದೇಶದಲ್ಲೂ ಅಪಾಯ ಬಂದದ್ದು ಕೇಸಿನ ಎಳೆ ಹಿಡಿದೇ. ಅಮೆರಿಕದ ನ್ಯೂಜೆರ್ಸಿಯಲ್ಲಿ 2020ರ ಜುಲೈ 19ರಂದು ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆ ಬಾಗಿಲಿಗೆ ಪಾರ್ಸೆಲ್ ತಂದವನಂತೆ ಒಬ್ಬ ಬಂದ. ಅವನು ಅವರ ಮುಂದೆಯೇ ಕೇಸು ನಡೆಸಿದ್ದ ವಕೀಲ. ಬಾಗಿಲು ತೆರೆದ ಇಪ್ಪತ್ತು ವರ್ಷದ ಮಗ ಡೇನಿಯಲ್‌ನನ್ನು ಗುಂಡಿಟ್ಟು ಕೊಂದ, ಗಂಡ ಗಾಯಗೊಂಡರು. ಆ ತಾಯಿ ಸುಮ್ಮನೆ ಕೂರಲಿಲ್ಲ. ನ್ಯಾಯಾಧೀಶರ ಮನೆವಿಳಾಸ, ಫೋನ್ ಸಂಖ್ಯೆಯಂಥ ವಿವರಗಳನ್ನು ಅಂತರ್ಜಾಲದಲ್ಲಿ ಮಾರದಂತೆ ತಡೆಯುವ, ಮಗನ ಹೆಸರಿನದೇ ಕಾನೂನು 2022ರ ಡಿಸೆಂಬರ್‌ನಲ್ಲಿ ಅಲ್ಲಿ ಬಂತು. ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ನ್ಯಾಯಾಧೀಶರ ಮನೆ ಯಾವುದೆಂದು ಹುಡುಕಲು ಅಂತರ್ಜಾಲವೂ ಬೇಡ, ಆಟೊ ಸ್ಟ್ಯಾಂಡಿನಲ್ಲಿ ಕೇಳಿದರೆ ಸಾಕು. ಮುಚ್ಚಿಡುವುದು ಇಲ್ಲಿ ಆಗದ ಮಾತು. ಹಾಗಾಗಿ ನ್ಯಾಯಾಲಯದ ಪಕ್ಕದಲ್ಲೇ, ಒಂದೇ ಕಾಂಪೌಂಡಿನಲ್ಲಿ ವಸತಿಗೃಹ ಕಟ್ಟಿಕೊಡುವುದೇ ಮೇಲು. ಬಾಡಿಗೆ ಮನೆಯಲ್ಲಿ, ಕಕ್ಷಿದಾರನ ನೆಂಟನೇ ಮಾಲೀಕನಾಗಿರಬಹುದಾದ ಕಡೆ, ಚಿಕ್ಕ ಮಕ್ಕಳನ್ನಿಟ್ಟುಕೊಂಡು ಹೊಸದಾಗಿ ಕೆಲಸಕ್ಕೆ ಸೇರಿದ ಸಿವಿಲ್ ನ್ಯಾಯಾಧೀಶೆಯನ್ನು ಇರಿಸುವುದು ನ್ಯಾಯವಲ್ಲ.

ಗೇಟಿನ ತಪಾಸಣೆಯ ಬಗ್ಗೆ ಹೆಚ್ಚು ಮಾತು ನಡೆಯುತ್ತದೆ, ಜಗಳವೂ ಅಲ್ಲೇ. 2018ರ ಮಾರ್ಚ್ 7ರಂದು ಲೋಕಾಯುಕ್ತ ಪಿ. ವಿಶ್ವನಾಥ ಶೆಟ್ಟಿ ಅವರನ್ನು ಬೆಂಗಳೂರಿನ ಅವರ ಕಚೇರಿಯಲ್ಲೇ ಒಬ್ಬ ಚಾಕುವಿನಿಂದ ಇರಿದ. ಅವನು ಕಳ್ಳದಾರಿಯಲ್ಲಿ ಬಂದವನಲ್ಲ. ದೂರುದಾರನಾಗಿ, ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋದವನು. ಬಾಗಿಲಲ್ಲಿದ್ದ ಲೋಹಶೋಧಕ ಕೆಲಸ ಮಾಡುತ್ತಿರಲಿಲ್ಲ ಎಂಬ ಮಾತು ಆಮೇಲೆ ಬಂತು. 2021ರ ಸೆಪ್ಟೆಂಬರ್ 24ರಂದು ದೆಹಲಿಯ ರೋಹಿಣಿ ನ್ಯಾಯಾಲಯದೊಳಗೆ ರೌಡಿ ಜಿತೇಂದರ್ ಗೋಗಿಯನ್ನು ಗುಂಡಿಟ್ಟು ಕೊಂದ ಇಬ್ಬರು ಬಂದದ್ದು ಕರಿಕೋಟಿನಲ್ಲಿ. ಅದಕ್ಕೇ ವಕೀಲರ ಚೀಲವನ್ನೂ ನೋಡಬೇಕು ಎನ್ನುವುದು. ವಕೀಲ ಮಿತ್ರರಿಗೆ ಇದು ಅವಮಾನ ಎನಿಸುತ್ತದೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಏಟು ಅವರಿಗೂ ಬೀಳುತ್ತಿದೆ: 2024ರ ನವೆಂಬರ್‌ನಲ್ಲಿ ಗಡಿಯಾಚೆಯ ಹೊಸೂರಿನಲ್ಲಿ ನ್ಯಾಯಾಲಯದ ಮುಂದೆಯೇ ವಕೀಲರೊಬ್ಬರನ್ನು ಹಗಲಲ್ಲೇ ಕೊಚ್ಚಲಾಯಿತು. ವಕೀಲರ ಮೇಲಿನ ಹಲ್ಲೆ ತಡೆಯಲೆಂದೇ 2023ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಅಂಗೀಕರಿಸಬೇಕಾಗಿ ಬಂತು. ಎಲ್ಲರನ್ನೂ ಒಂದೇ ರೀತಿ ತಪಾಸಣೆ ಮಾಡಿದರೆ ಯಾರಿಗೂ ಅವಮಾನವಿಲ್ಲ.

ತಪಾಸಣೆಗೆ ತನ್ನದೇ ಅಪಾಯವೂ ಇದೆ. 2011ರ ಸೆಪ್ಟೆಂಬರ್ 7ರಂದು ದೆಹಲಿ ಹೈಕೋರ್ಟಿನಲ್ಲಿ ಬಾಂಬ್ ಸಿಡಿದದ್ದು ಒಳಗಲ್ಲ; ಒಳಹೋಗುವ ಪಾಸಿಗಾಗಿ ಜನ ಸಾಲು ನಿಂತಿದ್ದ ಗೇಟಿನ ಬಳಿ. ಸತ್ತವರು ಕಕ್ಷಿದಾರರು, ಸಾಮಾನ್ಯ ಜನ. ಒಂದೇ ಬಾಗಿಲು, ಒಂದೇ ಯಂತ್ರ, ಹತ್ತೂವರೆಗೆ ಇನ್ನೂರು ಜನರ ಸಾಲು ಎಂದಾದರೆ ನಾವೇ ಜನರನ್ನು ಗುಡ್ಡೆ ಹಾಕಿ ನಿಲ್ಲಿಸಿದಂತೆ. ಎಲ್ಲ ಕೇಸುಗಳನ್ನೂ ಬೆಳಗ್ಗೆಯೇ ಕರೆಯದೆ, ಮಧ್ಯಾಹ್ನದ ಕೇಸಿನವರು ಮಧ್ಯಾಹ್ನ ಬಂದರೆ ಸಾಕು ಎಂಬ ಪಟ್ಟಿ ಮಾಡಿದರೆ ಗೇಟಿನ ಒತ್ತಡ ಅರ್ಧ ಇಳಿಯುತ್ತದೆ. ಹೆಡತಲೆಯಿಂದ ಹೋಗುವವರಿಗೂ ಅರ್ಧ ದಿನದ ಕೂಲಿ ಉಳಿಯುತ್ತದೆ.

2023ರ ಆಗಸ್ಟ್ 11ರಂದು ಪ್ರದ್ಯುಮ್ನ ಬಿಷ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಎಸ್. ರವೀಂದ್ರ ಭಟ್ ಮತ್ತು ದೀಪಂಕರ್ ದತ್ತ ಅವರ ಪೀಠ ನ್ಯಾಯಾಲಯಗಳ ಭದ್ರತೆಯ ಬಗ್ಗೆ ವಿವರವಾದ ಆದೇಶ ಕೊಟ್ಟಿತು. ಪ್ರತಿ ಹೈಕೋರ್ಟೂ ಗೃಹ ಇಲಾಖೆ ಹಾಗೂ ಪೊಲೀಸ್ ಮಹಾನಿರ್ದೇಶಕರ ಜೊತೆ ಕೂತು ತಾಲ್ಲೂಕು ಮಟ್ಟದವರೆಗೆ ಭದ್ರತಾ ಯೋಜನೆ ಸಿದ್ಧಪಡಿಸಬೇಕು. ನ್ಯಾಯಾಲಯ ಸಂಕೀರ್ಣಗಳಿಗೆ ಶಾಶ್ವತ ಭದ್ರತಾ ಘಟಕಗಳಿರಬೇಕು. ಸಿಸಿಟಿವಿ, ಪ್ರವೇಶದ್ವಾರದ ತಪಾಸಣೆ, ಆಂಬುಲೆನ್ಸ್, ವೈದ್ಯಕೀಯ ನೆರವು, ಅಗ್ನಿಶಾಮಕ ವ್ಯವಸ್ಥೆ ಇರಬೇಕು ಎಂದಿತು. ಇದರಲ್ಲಿ 'ಶಾಶ್ವತ' ಎಂಬುದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ದಿನಕ್ಕೊಬ್ಬರಂತೆ ಬದಲಾಗುವ ಪೇದೆಗೆ ಯಾರು ಕಕ್ಷಿದಾರ, ಯಾರು ಸುಮ್ಮನೆ ಬಂದು ಹಿಂಬಾಲಿಸುವವನು ಎಂಬುದು ತಿಳಿಯದು. ವರ್ಷಗಟ್ಟಲೆ ಅಲ್ಲೇ ಇರುವವರಿಗೆ, ಅದರಲ್ಲೂ ಮಹಿಳಾ ಸಿಬ್ಬಂದಿಗೆ, ಮುಖ ನೋಡಿದರೆ ಗೊತ್ತಾಗುತ್ತದೆ. ಹೊಳೆನರಸೀಪುರದಂಥ ದಿನ ಆ ಪರಿಚಯ ಕ್ಯಾಮೆರಾಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಕ್ಯಾಮೆರಾ ಆಮೇಲೆ ಸಾಕ್ಷಿ ಹೇಳುತ್ತದೆ, ಅಷ್ಟೇ.

ಕಟ್ಟಡದಲ್ಲೂ ನ್ಯಾಯಾಧೀಶರಿಗೆ, ಆರೋಪಿಗಳಿಗೆ, ಜನರಿಗೆ ಬೇರೆ ಬೇರೆ ದಾರಿ ಇರಬೇಕು ಎಂಬುದು ಹೊಸ ನ್ಯಾಯಾಲಯಗಳ ವಿನ್ಯಾಸದಲ್ಲಿ ಒಪ್ಪಿದ ಮಾತು. ನಾಲ್ಕನೆಯದೊಂದನ್ನು ನಾನು ಸೇರಿಸುತ್ತೇನೆ: ಹಿಂಸೆಗೆ ಹೆದರಿ ಬಂದ ಹೆಣ್ಣುಮಕ್ಕಳಿಗೂ ಸಾಕ್ಷಿಗಳಿಗೂ ಬೇರೆ ಕೋಣೆ, ಅದಕ್ಕೆ ಅಂಟಿಕೊಂಡೇ ಶೌಚಾಲಯ. ದುರ್ಬಲ ಸಾಕ್ಷಿಗಳಿಗೆ ಪ್ರತ್ಯೇಕ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲೇ ಹೇಳಿದೆ. ಕೌಟುಂಬಿಕ ಕೇಸಿನ ಮಹಿಳೆಯರಿಗೂ ಆ ಕೋಣೆ ತೆರೆದರೆ ಸಾಕು. ಕಲಾಪ ಮುಗಿದ ಮೇಲೆ ಎದುರುಪಾರ್ಟಿಗಿಂತ ಅರ್ಧ ಗಂಟೆ ಮೊದಲು ಆಕೆಯನ್ನು ಬಸ್ಸು ಹತ್ತಿಸಿ ಕಳಿಸುವುದು ಯಾವ ಪೇದೆಗೂ ಭಾರವಲ್ಲ.

ಇಷ್ಟೆಲ್ಲ ಕಾವಲಿನ ಮಾತು ಆಡುವಾಗ ಒಂದು ಭಯವೂ ನನ್ನಲ್ಲಿದೆ: ಕೋರ್ಟಿನ ಬಾಗಿಲು ಜನರಿಗೇ ಮುಚ್ಚಿಬಿಟ್ಟೀತೇ ಎಂದು. ಹೆಡತಲೆಯ ಲಕ್ಷ್ಮೀಕಾಂತ ದೇವಾಲಯದಲ್ಲಿ ಹದಿನಾರು ಮುಖದ ಚಾವಡಿ ಎಂದು ಕರೆಯುವ ಮಂಟಪವಿದೆ. ನಮ್ಮ ಹಳೆಯ ನ್ಯಾಯಪಂಚಾಯಿತಿಗಳು ಕೂರುತ್ತಿದ್ದುದು ಚಾವಡಿಗಳಲ್ಲೇ, ಊರವರು ಸುತ್ತ ನಿಂತು ನೋಡುವಂತೆ. ಇಂದಿನ ಕಾನೂನೂ ನ್ಯಾಯಾಲಯ ತೆರೆದಿರಬೇಕು ಎನ್ನುತ್ತದೆ. ಯಾವ ಕೇಸೂ ಇಲ್ಲದವನು ಕೂಡ ಒಳಗೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು ವಿಚಾರಣೆ ನೋಡಬಹುದು. ಭದ್ರತೆಯ ಹೆಸರಿನಲ್ಲಿ 'ನಿನಗೇನು ಕೆಲಸ' ಎಂದು ಗೇಟಿನಲ್ಲೇ ಕೇಳುವುದು ಶುರುವಾದರೆ, ಪಂಚೆ ಉಟ್ಟ ಮುದುಕರು, ಮಗು ಎತ್ತಿಕೊಂಡ ತಾಯಂದಿರು ಮೊದಲು ಹೊರಗುಳಿಯುತ್ತಾರೆ. ಚೀಲ ನೋಡಲಿ, ಯಾಕೆ ಬಂದೆ ಎಂದು ಕೇಳದಿರಲಿ.

ನ್ಯಾಯಾಲಯದ ಭದ್ರತೆಯ ಮಾತುಕತೆಗೆ ಕೂರುವವರು ಸಾಮಾನ್ಯವಾಗಿ ನ್ಯಾಯಾಧೀಶರು, ಪೊಲೀಸ್ ಅಧಿಕಾರಿಗಳು, ಲೋಕೋಪಯೋಗಿ ಇಲಾಖೆಯವರು, ವಕೀಲರ ಸಂಘದವರು. ಅಲ್ಲಿ ಒಬ್ಬ ಅಮೀನರೂ ಇರಲಿ, ಕಚೇರಿಯ ಮಹಿಳಾ ಸಿಬ್ಬಂದಿಯೊಬ್ಬರೂ ಇರಲಿ. ಯಾವ ಊರಿನ ಯಾವ ಮನೆಯ ಮುಂದೆ ಕಾಲು ತಡೆಯುತ್ತದೆ, ಆರು ಗಂಟೆಯ ಮೇಲೆ ಯಾವ ಪಡಸಾಲೆಯ ದೀಪ ಉರಿಯುವುದಿಲ್ಲ, ಯಾವ ಬಾಗಿಲಿನ ಚಿಲಕ ಕಿತ್ತುಹೋಗಿ ಎಷ್ಟು ದಿನವಾಯಿತು ಎಂಬುದು ಅವರಿಗೆ ಗೊತ್ತು. ನಂಜನಗೂಡಿನ ಕೋರ್ಟಿಗಾಗಲಿ ನರಸೀಪುರದ ಕೋರ್ಟಿಗಾಗಲಿ ಭದ್ರತಾ ಯೋಜನೆ ಬರೆಯುವವರು ಮೊದಲ ಹಾಳೆಯನ್ನು ಅವರಿಂದ ಕೇಳಿ ಬರೆದುಕೊಳ್ಳಲಿ.